ಟ್ಯೂಷನ್ನಿಗೆ ಸೈಕಲ್ಲಲ್ಲಿ ಹೋಗಲಾ?

“ಅಪ್ಪಾ, ಇವತ್ತು ಟ್ಯೂಷನ್ನಿಗೆ ಸೈಕಲ್ಲಲ್ಲಿ ಹೋಗಲಾ?”

ಎಂಟನೇ ತರಗತಿಯ ಮಗಳು ಕೇಳಿದಾಗ ಹಿಂದೆಮುಂದೆ ನೋಡದೆ ಬೇಡ ಎಂದೆ. ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಿಂದ ಗಾಂಧಿಬಜಾರಿನ ಪಕ್ಕದ ಟ್ಯೂಷನ್ ಮನೆಗೆ ಹೆಚ್ಚೆಂದರೆ ಎರಡು ಕಿಲೋಮೀಟರ್. “ರಸ್ತೆ ತುಂಬ ಕಾರುಗಳು ಕಣೇ, ಬಾ, ನಾನೇ ಬಿಡ್ತೀನಿ” ಎಂದು ಕೀ ತೆಗೆದುಕೊಂಡೆ. ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕ ಕಣ್ಣಾಡಿಸಿದೆ. ಎಷ್ಟೋ ಕಾರುಗಳ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡ ಇಂಥದೇ ಮಕ್ಕಳು. ಯಾವ ಕಾರುಗಳಿಗೆ ಹೆದರಿ ಮಗಳಿಗೆ ಸೈಕಲ್ ಬೇಡ ಎಂದಿದ್ದೆನೋ, ಅವುಗಳಲ್ಲಿ ನನ್ನದೂ ಒಂದಾಗಿತ್ತು. ನಾವೆಲ್ಲ ಒಬ್ಬರ ಮಕ್ಕಳಿಗೆ ಇನ್ನೊಬ್ಬರು ದಾರಿ ಮುಚ್ಚುತ್ತಿದ್ದೆವು.

ಅಂದಿನಿಂದ ಕಾರನ್ನೂ ಸೈಕಲ್ಲನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕತೊಡಗಿದೆ.

ಗಡಿಯಾರ ಹೇಳಿದ್ದು

ಮೊದಲು ಸಮಯ. ಟಾಮ್‌ಟಾಮ್ ಸಂಸ್ಥೆಯ 2022ರ ವಾಹನ ದಟ್ಟಣೆ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಕಾರು 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅಂದರೆ ಗಂಟೆಗೆ 20 ಕಿ.ಮೀ.ಗಿಂತ ಕೊಂಚ ಹೆಚ್ಚು. ಆತುರವಿಲ್ಲದೆ ಪೆಡಲ್ ತುಳಿಯುವವರೂ ಗಂಟೆಗೆ 12ರಿಂದ 15 ಕಿ.ಮೀ. ಹೋಗುತ್ತಾರೆ. ಈ ಲೆಕ್ಕದಲ್ಲಿ 3 ಕಿ.ಮೀ. ದಾರಿಗೆ ಕಾರಿಗೆ 9 ನಿಮಿಷ ಹಿಡಿದರೆ ಸೈಕಲ್ಲಿಗೆ 12ರಿಂದ 15 ನಿಮಿಷ. ಆದರೆ ಗೇಟು ತೆಗೆದು ಕಾರು ಹೊರಗೆ ತರುವುದು, ನಿಲ್ಲಿಸಲು ಜಾಗ ಹುಡುಕುತ್ತಾ ಎರಡು ಸುತ್ತು ಹಾಕುವುದು, ಕೊನೆಗೆ ಎರಡು ಕ್ರಾಸ್ ಆಚೆ ನಿಲ್ಲಿಸಿ ನಡೆದು ಬರುವುದು ಈ 9 ನಿಮಿಷದಲ್ಲಿ ಸೇರಿಲ್ಲ. ಅದನ್ನೂ ಕೂಡಿಸಿದರೆ ಕಾರು ಹಿಂದೆ ಬೀಳುತ್ತದೆ. ಸೈಕಲ್ಲು ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತದೆ.

ಹತ್ತು ಹದಿನೈದು ಕಿಲೋಮೀಟರಿನ ಪಯಣದ ಮಾತು ಬೇರೆ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಮಳೆ ಸುರಿಯುವ ರಾತ್ರಿಯಲ್ಲಿ ಕಾರೇ ಬೇಕು. ನನ್ನ ತಕರಾರು ಸೊಪ್ಪಿಗೆ, ಹಾಲಿಗೆ, ಲೈಬ್ರರಿಗೆ ತೆಗೆಯುವ ಕಾರಿನ ಬಗ್ಗೆ ಮಾತ್ರ.

ಬಿಸಿಯಾಗುವ ಮೊದಲೇ ಪಯಣ ಮುಗಿಯಿತು

ಹತ್ತಿರದ ಓಡಾಟದಲ್ಲೇ ಕಾರು ತನ್ನ ಅತಿ ಕೆಟ್ಟ ರೂಪ ತೋರಿಸುತ್ತದೆ. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಮೊದಲ ಕೆಲವು ನಿಮಿಷ ಅದು ಅರೆಬರೆ ಕೆಲಸ ಮಾಡುತ್ತದೆ. ಸೊಪ್ಪು ತರುವ ಪಯಣ ಮುಗಿಯುವುದೂ ಅಷ್ಟರಲ್ಲೇ. ಹಾಗಾಗಿ ದೂರ ಕಡಿಮೆಯಾದಷ್ಟೂ ಪ್ರತಿ ಕಿಲೋಮೀಟರಿನ ಹೊಗೆ ಹೆಚ್ಚು.

ಎಲೆಕ್ಟ್ರಿಕ್ ಕಾರಿಗೆ ಹೊಗೆಯಿಲ್ಲ, ನಿಜ. ಆದರೆ ಅದಕ್ಕೂ ಅಷ್ಟೇ ಜಾಗ ಬೇಕು. ಒಂದು ಕಾರು ನಿಲ್ಲುವ ಸುಮಾರು 12 ಚದರ ಮೀಟರಿನಲ್ಲಿ ಎಂಟು ಸೈಕಲ್ಲುಗಳನ್ನು ಸಲೀಸಾಗಿ ನಿಲ್ಲಿಸಬಹುದು. ಒಂದು ಕೋಟಿಗೂ ಹೆಚ್ಚು ವಾಹನಗಳು ನೋಂದಣಿಯಾಗಿರುವ ಊರಿನಲ್ಲಿ ಈ ಲೆಕ್ಕ ಸಣ್ಣದಲ್ಲ.

ಮೈಯ ಲೆಕ್ಕ

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗುವಾಗ 15 ನಿಮಿಷ, ಬರುವಾಗ 15, ವಾರಕ್ಕೆ ಐದು ದಿನ. ಅಲ್ಲಿಗೆ 150 ಆಯಿತು. ಇದಕ್ಕಾಗಿ ಬೇರೆ ಸಮಯ ಎತ್ತಿಡಬೇಕಿಲ್ಲ, ಜಿಮ್ಮಿಗೆ ಶುಲ್ಕ ಕಟ್ಟಬೇಕಿಲ್ಲ. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ, ಆ ಅಧ್ಯಯನದ ಅವಧಿಯಲ್ಲಿ, ಸಾವಿನ ಅಪಾಯ ಶೇಕಡ 41ರಷ್ಟು ಕಡಿಮೆ ಕಂಡಿತ್ತು. ಎಲ್ಲವೂ ಸೈಕಲ್ಲಿನ ಪುಣ್ಯವೇ ಎಂದು ಹೇಳಲಾಗದು. ಹಾಗಂತ ಅಲ್ಲಗಳೆಯುವಷ್ಟು ಸಣ್ಣ ಅಂತರವೂ ಅಲ್ಲ.

ಹಾಗಾದರೆ ತಡೆಯುತ್ತಿರುವುದೇನು?

ಭಯ. ನನ್ನನ್ನು ‘ಬೇಡ’ ಎನ್ನಿಸಿದ್ದೂ ಅದೇ. ಈ ಭಯ ಸುಳ್ಳಲ್ಲ. ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಅದರ ಮೇಲೆ ಕಾರುಗಳು ನಿಂತವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹೊರ ವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಸೈಕಲ್ಲಿಗೆಂದೇ ಒಂದು ಸಾಲು ಬಿಡಿಸಿದರು. ಗೂಟಗಳು ಮುರಿದವು, ಬೈಕುಗಳು ನುಗ್ಗಿದವು. ಬರೀ ಬಣ್ಣ ಬಳಿದ ಪಥ ಯಾರನ್ನೂ ಕಾಯುವುದಿಲ್ಲ.

ಸೈಕಲ್ಲಿಗರ ಸ್ವರ್ಗ ಎಂದು ನಾವು ಹೊಗಳುವ ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದಲೇ ಹಾಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು. ಅವರ ಚಳವಳಿಯ ಹೆಸರೇ ‘ಮಕ್ಕಳ ಕೊಲೆ ನಿಲ್ಲಿಸಿ’. 1973ರ ತೈಲ ಬಿಕ್ಕಟ್ಟೂ ಜೊತೆಗೂಡಿತು. ಬೇರ್ಪಡಿಸಿದ ಪಥಗಳು ಬಂದವು, ಮನೆಗಳಿರುವ ಬೀದಿಗಳಲ್ಲಿ ಕಾರಿನ ವೇಗಕ್ಕೆ ಕಡಿವಾಣ ಬಿತ್ತು. ಇಂದು ಅಲ್ಲಿ ನಾಲ್ಕು ಪಯಣಗಳಲ್ಲಿ ಒಂದಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತವೆ.

ನಮ್ಮಲ್ಲೂ ಬೀಜ ಬಿತ್ತಿಲ್ಲವೆಂದಲ್ಲ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹಳ್ಳಿಯ ಎಷ್ಟೋ ಹುಡುಗಿಯರು ಆ ಸೈಕಲ್ ಏರಿಯೇ ಹೈಸ್ಕೂಲು ಮುಗಿಸಿದರು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬಂದವು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ವ್ಯವಸ್ಥೆ. ಬೆಂಗಳೂರಿನಲ್ಲೂ ಸೈಕಲ್ ಸತ್ತಿಲ್ಲ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಪಾಳಿ ಮುಗಿಸಿ ಮನೆಗೆ ಹೋಗುವ ಸೆಕ್ಯುರಿಟಿಯವರು, ಕ್ಯಾರಿಯರ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು ದಿನವೂ ತುಳಿಯುತ್ತಿದ್ದಾರೆ. ಅವರಿಗೆ ಅದು ಹವ್ಯಾಸವಲ್ಲ. ಯಾವ ಪಥವೂ ಇಲ್ಲದೆ, ಜೀವ ಕೈಯಲ್ಲಿ ಹಿಡಿದು ಅವರು ಹೋಗುತ್ತಿರುವುದು ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ. ರಸ್ತೆ ಸುರಕ್ಷಿತವಾದರೆ ಮೊದಲ ಲಾಭ ಅವರಿಗೆ ಸಿಗಬೇಕು.

ಇಂದೇ ಆಗುವಂಥದ್ದು

ಪಥಗಳಿಗೆ, ಒಳಬೀದಿಗಳಲ್ಲಿ 30 ಕಿ.ಮೀ. ವೇಗಮಿತಿಗೆ ನಾವು ಒತ್ತಾಯಿಸುತ್ತಲೇ ಇರಬೇಕು. ಆ ವೇಗದಲ್ಲಿ ಬಡಿದರೆ ಹೆಚ್ಚಿನವರು ಬದುಕುತ್ತಾರೆ, 50 ದಾಟಿದರೆ ಆ ಆಸೆ ಬೇಗ ಕಮರುತ್ತದೆ. ಅಲ್ಲಿಯವರೆಗೆ ಕಾರು ಓಡಿಸುವವರು ಒಂದು ಅಭ್ಯಾಸ ಮಾಡಿಕೊಳ್ಳಬಹುದು: ಇಳಿಯುವಾಗ ಎಡಗೈಯಿಂದ ಬಾಗಿಲು ತೆಗೆಯುವುದು. ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುತ್ತಿರುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಸೈಕಲ್ ತುಳಿಯುವವರು ಮುಖ್ಯರಸ್ತೆ ಬಿಟ್ಟು ಕ್ರಾಸ್‌ಗಳ ದಾರಿ ಹಿಡಿಯಬಹುದು. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇರಲಿ.

ಕಳೆದ ತಿಂಗಳು ಪಂಕ್ಚರ್ ಅಂಗಡಿಯಲ್ಲಿ ನನ್ನ ಹಳೆಯ ಸೈಕಲ್ಲಿಗೆ ಹೊಸ ಟೈರು, ಬ್ರೇಕ್ ಶೂ ಹಾಕಿಸಿದೆ. ಒಂದು ಭಾನುವಾರ ಅಪ್ಪ–ಮಗಳು ಸೇರಿ ಒಳದಾರಿ ಹುಡುಕಿದೆವು. ಈಗ ವಾರಕ್ಕೆ ಮೂರು ದಿನ ಜೊತೆಯಾಗಿ ಹೋಗುತ್ತೇವೆ, ಅವಳು ಮುಂದೆ, ನಾನು ಹಿಂದೆ. ಒಂದು ಸರ್ಕಲ್ಲಿನಲ್ಲಿ ಮಾತ್ರ ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡು ದಾಟುತ್ತೇವೆ. ಅಲ್ಲಿ ಅವಳೊಬ್ಬಳನ್ನೇ ಬಿಡುವ ಧೈರ್ಯ ನನಗಿನ್ನೂ ಬಂದಿಲ್ಲ. ಆ ಸರ್ಕಲ್ಲನ್ನು ಅವಳು ಒಬ್ಬಳೇ, ಸೈಕಲ್ಲಿಂದ ಇಳಿಯದೆ ದಾಟುವಂತಾಗಬೇಕು. ಅಂದು ಅವಳು ಮತ್ತೆ ಅದೇ ಪ್ರಶ್ನೆ ಕೇಳಿದರೆ “ಹೋಗಿ ಬಾ ಮಗಳೇ” ಎನ್ನಬೇಕು ನಾನು.