ಉಪ್ಪುನೀರಿನ ಅಕ್ವೇರಿಯಂ ಸ್ಟ್ಯಾಂಡ್: ಭಾರ ಸ್ಕ್ರೂ ಮೇಲಲ್ಲ, ಕಾಲಿನ ಮೇಲೆ ಬೀಳಲಿ

ಮನೆ, ಅಂಗಡಿಯಲ್ಲಿ ಉಪ್ಪುನೀರಿನ ಮೀನು ಸಾಕುವ ಆಸೆಯೇ? ಹಳೇ ಟಿವಿ ಟೇಬಲ್ ಮೇಲೆ ತೊಟ್ಟಿ ಇಡೋ ಮುನ್ನ ಲೆಕ್ಕ ಹಾಕಿ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 190 ಲೀಟರ್ ನೀರು ಹಿಡಿಯುತ್ತೆ. ಗಾಜು, ಮರಳು, ಕಲ್ಲು ಸೇರಿದರೆ ತೂಕ ಕಾಲು ಟನ್ ದಾಟುತ್ತೆ.

ಮರದ ಸ್ಟ್ಯಾಂಡ್ ಮಾಡಿಸೋದಾದರೆ ಮೇಲಿನ ಚೌಕಟ್ಟು ನಾಲ್ಕೂ ಕಾಲುಗಳ ತಲೆ ಮೇಲೇ ಕೂರಬೇಕು. ಕಾಲಿನ ಪಕ್ಕಕ್ಕೆ ಸ್ಕ್ರೂ ಹಾಕಿ ನಿಲ್ಲಿಸಿದರೆ ಇಡೀ ಭಾರ ಸ್ಕ್ರೂಗಳೇ ಹೊರಬೇಕಾಗುತ್ತೆ. ಹಿಂಬದಿಗೆ ಪ್ಲೈವುಡ್ ಹೊಡೆದರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲಲ್ಲ. ಪಾರ್ಟಿಕಲ್ ಬೋರ್ಡ್ ಬೇಡ, ನೀರು ತಾಗಿದರೆ ಉಬ್ಬುತ್ತೆ. ಕಬ್ಬಿಣದ್ದಾದರೆ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತೆ. ಪ್ರೈಮರ್, ಎಪಾಕ್ಸಿ ಪೇಂಟ್ ಬೇಕೇ ಬೇಕು.

ನೀರು ತುಂಬುವ ಮೊದಲು ರಸಮಟ್ಟ ಇಟ್ಟು ನೋಡಿ. ಒಂದು ಮೂಲೆ ತಗ್ಗಿದ್ದರೂ ಗಾಜು ಬಿರುಕು ಬಿಡಬಹುದು.