ಕರೆನಿನ್ನನ ಕ್ಷಮೆ

ಟಾಲ್‌ಸ್ಟಾಯಿಯ ‘ಅನ್ನಾ ಕರೆನಿನಾ’ ಕಾದಂಬರಿಯನ್ನು ಓದಿದವರು ಅನ್ನಾಳಿಗಾಗಿ ಕಣ್ಣೀರು ಸುರಿಸುವರು, ಲೆವಿನ್ನನನ್ನು ಮೆಚ್ಚುವರು. ಅವಳ ಗಂಡ ಕರೆನಿನ್ನನನ್ನು ಮಾತ್ರ ಯಾರೂ ಹತ್ತಿರ ಸೇರಿಸರು. ಆತ ದೊಡ್ಡ ಸರಕಾರಿ ಅಧಿಕಾರಿ. ಕಚೇರಿಯ ಕಡತಗಳ ನಡುವೆ ಹೊಟ್ಟೆ ಹೊರೆಯುವ ಗುಮಾಸ್ತನಾದ ನನಗಾದರೋ ಆತನನ್ನು ಸುಲಭವಾಗಿ ತಳ್ಳಿಬಿಡಲು ಮನಸ್ಸು ಬಾರದು.

1875ರಿಂದ 1877ರವರೆಗೆ ರಷ್ಯದ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದ ಈ ಕತೆ ಮೊದಲಾಗುವುದೇ ಒಂದು ದ್ರೋಹದಿಂದ. ಅನ್ನಾಳ ಅಣ್ಣ ಸ್ತೀವಾ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಹೆಂಗಸಿನ ಸಹವಾಸ ಮಾಡಿ ಸಿಕ್ಕಿಬೀಳುತ್ತಾನೆ. ಆ ಸಂಸಾರವನ್ನು ಕೂಡಿಸಲೆಂದು ಪೀಟರ್ಸ್‌ಬರ್ಗಿನಿಂದ ಮಾಸ್ಕೋಗೆ ಬಂದವಳೇ ಅನ್ನಾ. ಅಣ್ಣನ ತಪ್ಪನ್ನು ಸಮಾಜ ನಕ್ಕು ಮರೆಯುತ್ತದೆ. ವ್ರಾನ್‌ಸ್ಕಿಯನ್ನು ಪ್ರೀತಿಸಿದ ತಂಗಿಗೆ ಬಾಗಿಲು ಮುಚ್ಚುತ್ತದೆ. ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ!

ಹೆಂಡತಿಯೇ ಗುಟ್ಟನ್ನು ಹೇಳಿದ ಮೇಲೆ ಕರೆನಿನ್ ಮಾಡುವುದೇನು? ಅವಳಿಗೆ ಫ್ರೆಂಚಿನಲ್ಲಿ ಪತ್ರ ಬರೆಯುತ್ತಾನೆ. ಒಕ್ಕಣೆ ಚೆನ್ನಾಗಿ ಬಂದಿತೆಂದು ತೃಪ್ತಿಪಟ್ಟು ನೀರಾವರಿಯ ಕಡತಕ್ಕೆ ಕೈಹಾಕುತ್ತಾನೆ. ಓದಿ ನಗು ಬಂದಿತು; ಮರುಕ್ಷಣವೇ ನಾಚಿಕೆಯೂ ಆಯಿತು. ಮನೆಯಲ್ಲಿ ಮಾತು ಬೆಳೆದಾಗ ಕಚೇರಿಯ ಕಾಗದ ಬಿಚ್ಚಿ ಕುಳಿತವನು ನಾನೂ ಅಲ್ಲವೇ?

ಇದೇ ಮನುಷ್ಯ, ಹೆರಿಗೆಯ ಜ್ವರದಿಂದ ಅನ್ನಾ ಸಾಯುವಂತಿರುವಾಗ, ಮಗುವಿನಂತೆ ಅತ್ತು ಅವಳನ್ನೂ ವ್ರಾನ್‌ಸ್ಕಿಯನ್ನೂ ಕ್ಷಮಿಸುತ್ತಾನೆ. ತನ್ನದಲ್ಲದ ಕೂಸನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ. ಕ್ಷಮೆ ಧರ್ಮವೆಂದು ಮೊದಲೇ ಬಲ್ಲವನು, ಅದು ಸುಖವೂ ಹೌದೆಂದು ಅಂದು ಅರಿಯುತ್ತಾನೆ. ಆದರೆ ಅನ್ನಾ ಬದುಕಿಕೊಳ್ಳುತ್ತಾಳೆ. ಆ ಕ್ಷಮೆಯನ್ನು ಹೊತ್ತು ಬಾಳಲು ಅವಳಿಂದಾಗದು; ಊರವರ ನಗೆಯನ್ನು ತಾಳಲು ಅವನಿಂದಾಗದು. ಅವಳು ಮನೆ ಬಿಟ್ಟ ಮೇಲೆ ಆತನ ಭಕ್ತಿಯೂ ಒಣಗುತ್ತದೆ. ಹೆತ್ತ ಮಗನನ್ನು ಕಾಣಲು ತಾಯಿಗೆ ಅಪ್ಪಣೆ ಸಿಗದು.

ಲೆವಿನ್ನನ ದಾರಿ ಬೇರೆ. ಮದುವೆಗೆ ಮೊದಲೇ ಆತ ತನ್ನ ದಿನಚರಿಯನ್ನು ಕಿಟಿಯ ಕೈಗಿಡುತ್ತಾನೆ. ಆತನಿಗೆ ದೇವರಲ್ಲಿ ನಂಬಿಕೆಯಿಲ್ಲವೆಂಬುದು ಅವಳನ್ನು ನೋಯಿಸದು. ಹಿಂದಿನ ಹೆಂಗಸರ ಸುದ್ದಿಗೆ ಅಳುತ್ತಾಳೆ, ಆದರೂ ಕ್ಷಮಿಸುತ್ತಾಳೆ. ಮುಂದೆ, ಮಡದಿ ಮಗುವಿದ್ದೂ ನೇಣು ಹಾಕಿಕೊಂಡೇನೆಂದು ಹೆದರಿ ಹಗ್ಗವನ್ನು ಬಚ್ಚಿಡುವ ಆತನಿಗೆ, ಆತ್ಮಕ್ಕಾಗಿ ಬಾಳುವವರೂ ಉಂಟೆಂಬ ರೈತನೊಬ್ಬನ ಮಾತು ಬೆಳಕಾಗುತ್ತದೆ. ಆದರೂ ಗಾಡಿಯವನ ಮೇಲೆ ರೇಗುವುದು ತನಗೆ ತಪ್ಪದೆಂದು ಆತ ಬಲ್ಲ.

ಅನ್ನಾ ರೈಲಿನ ಗಾಲಿಗೆ ಬಿದ್ದು ಸತ್ತ ಮೇಲೆ ಅವಳ ಪುಟ್ಟ ಮಗಳನ್ನು ಕರೆದೊಯ್ದವನು ಕರೆನಿನ್ನನೇ. ಟಾಲ್‌ಸ್ಟಾಯಿ ಇದನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತಾನೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ. ಒಮ್ಮೆ ಕ್ಷಮಿಸುವುದು ಕಷ್ಟ. ದಿನದಿನವೂ ಕ್ಷಮಿಸುತ್ತಿರುವುದು ಇನ್ನೂ ಕಷ್ಟ. ಸಂಸಾರಕ್ಕೆ ಬೇಕಾದುದು ಆ ಎರಡನೆಯದು.