ಹೊಳೆ ಬರುವ ಮುನ್ನ ಕಣ್ಣಿ ಬಿಚ್ಚಿರಿ



ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹೊಳೆ ಬರಲು ನಮ್ಮೂರಲ್ಲೇ ಮಳೆಯಾಗಬೇಕೆಂದಿಲ್ಲ. ಮಹಾರಾಷ್ಟ್ರದಲ್ಲಿ ಬಿದ್ದ ಮಳೆ ಆಲಮಟ್ಟಿ, ನಾರಾಯಣಪುರ ದಾಟಿ ಕೃಷ್ಣೆಗೂ, ಉಜನಿ, ಸೊನ್ನ ದಾಟಿ ಭೀಮೆಗೂ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗಿತು. ಭೀಮೆ ಉಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಮಳೆಗಾಲ ಮುಗಿಯಿತೆಂದು ಜನ ನಿಶ್ಚಿಂತರಾಗಿದ್ದ ಹೊತ್ತಿಗೆ. ಆದ್ದರಿಂದ ದಸರಾ ಕಳೆಯುವವರೆಗೂ ಎಚ್ಚರ ಬೇಕು. ಆಕಾಶ ನೋಡುವುದಕ್ಕಿಂತ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಕೇಳುವುದು ಲೇಸು.

ನೆರೆಯಲ್ಲಿ ದನಗಳು ಸಾಯುವುದು ಬಹುಮಟ್ಟಿಗೆ ಗೂಟಕ್ಕೆ ಕಟ್ಟಿದಲ್ಲಿಯೇ. ಎಮ್ಮೆ ಚೆನ್ನಾಗಿ ಈಜುತ್ತದೆ, ಆಕಳೂ ಈಜುತ್ತದೆ. ಆದರೆ ಕಣ್ಣಿ ಬಿಗಿದಿದ್ದರೆ ಯಾವ ಈಜೂ ಉಪಯೋಗಕ್ಕಿಲ್ಲ. "ಬಿಟ್ಟರೆ ತಪ್ಪಿಸಿಕೊಂಡಾವು" ಎಂಬ ಅಂಜಿಕೆ ಸಹಜ. ತಪ್ಪಿಸಿಕೊಂಡ ದನವನ್ನು ಹುಡುಕಿ ತರಬಹುದಲ್ಲವೇ? ಮುನ್ಸೂಚನೆ ಬಂದ ದಿನವೇ ಹಗಲು ಹೊತ್ತಿನಲ್ಲಿ ದನಗಳನ್ನು ಊರ ಮಡ್ಡಿಗೆ ಹೊಡೆದುಕೊಂಡು ಹೋಗಿರಿ. ಗಬ್ಬದ ಆಕಳು, ಕರುಗಳನ್ನು ಮೊದಲು ಸಾಗಿಸಿರಿ. ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಲೇಬೇಕಾದರೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿರಿ. ಆ ಗಂಟನ್ನು ಬಿಚ್ಚುವುದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಗಂಡಸರು ಹೊಲಕ್ಕೆ ಹೋದಾಗಲೇ ನೀರು ಬರಬಹುದು.

ಮೇವಿನ ಬಣವಿಯನ್ನು ಹಳ್ಳದ ದಂಡೆಯಲ್ಲಿ ಒಟ್ಟಬೇಡಿರಿ. ಒಂದು ವಾರಕ್ಕಾಗುವಷ್ಟು ಕಣಿಕೆ, ಭತ್ತದ ಹುಲ್ಲು, ಹಿಂಡಿಯನ್ನು ಎತ್ತರದಲ್ಲಿ ತಾಡಪತ್ರಿ ಹೊದಿಸಿ ಇಡಿರಿ. ನೆನೆದು ಬೂಷ್ಟು ಹಿಡಿದ ಮೇವನ್ನು ಹಸಿದ ದನ ತಿಂದೀತು, ಆದರೆ ಹಾಕಬಾರದು. ರಾಡಿ ಕೂತ ಹುಲ್ಲಿಗೂ ದನ ಬಿಡಬಾರದು.

ಗಳಲೆ ರೋಗ, ಚಪ್ಪೆ ರೋಗಗಳು ಮಳೆಯೊಂದಿಗೇ ಬರುತ್ತವೆ. ಲಸಿಕೆಯ ಬಲ ಮೈಗೂಡಲು ಎರಡು-ಮೂರು ವಾರ ಬೇಕಾಗುವುದರಿಂದ ಮುಂಗಾರಿಗೆ ಮೊದಲೇ ಹಾಕಿಸುವುದು ಅತ್ಯವಶ್ಯ. ನೀರು ಇಳಿದ ಮೇಲೆ ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆದು ಒರೆಸಿಯೇ ಹಿಂಡಿರಿ, ಇಲ್ಲವಾದರೆ ಕೆಚ್ಚಲು ಬಾವು ಬರುವುದು. ದಾರಿ ಕಟ್ಟಾಗಿ ಹಾಲಿನ ಗಾಡಿ ಬಾರದ ದಿನವೂ ಹಿಂಡುವುದನ್ನು ನಿಲ್ಲಿಸಬೇಡಿರಿ. ಆ ಹಾಲನ್ನು ಹೆಪ್ಪು ಹಾಕಿ ಬೆಣ್ಣೆ, ತುಪ್ಪ ಮಾಡಿಕೊಳ್ಳಿರಿ. ಹಳೆಯ ಹಾಲನ್ನು ಮರುದಿನ ಸಂಘಕ್ಕೆ ತಂದು ಬೆರೆಸಿದರೆ ಇಡೀ ಕ್ಯಾನು ಒಡೆಯುತ್ತದೆ.

ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿರಿ. ದನದ ಕಿವಿಯೋಲೆಯ 12 ಅಂಕಿಗಳನ್ನೂ ಬರೆದು ಅದರಲ್ಲೇ ಇಡಿರಿ. ಕೇಂದ್ರ ಸರ್ಕಾರ 2022ರಲ್ಲಿ ನಿಗದಿಪಡಿಸಿದ ದರದಂತೆ ನೆರೆಯಲ್ಲಿ ಸತ್ತ ಹಾಲಿನ ಆಕಳು ಅಥವಾ ಎಮ್ಮೆಗೆ 37,500 ರೂಪಾಯಿ ಪರಿಹಾರವುಂಟು. ಆದರೆ ವೈದ್ಯರು ನೋಡಿ ಬರೆದುಕೊಡುವ ಮೊದಲೇ ಹೂಳಿದರೆ ಪರಿಹಾರ ಸಿಗುವುದು ಕಷ್ಟ. ದುಃಖದಲ್ಲಿ ಇದನ್ನೇ ಮರೆಯುವುದುಂಟು. ಪಶು ಸಂಜೀವಿನಿ ಗಾಡಿಗೆ 1962, ಜಿಲ್ಲಾ ಸಹಾಯವಾಣಿಗೆ 1077. ಈ ಎರಡೂ ಸಂಖ್ಯೆಗಳನ್ನು ಕೊಟ್ಟಿಗೆಯ ಗೋಡೆಗೆ ಇದ್ದಿಲಿನಿಂದ ದೊಡ್ಡದಾಗಿ ಬರೆದಿಡಿರಿ.